ಪೆಡಲ್ ವಾಹನ, ಸ್ವಂತ ನಿರ್ಮಾಣದ್ದು (ಕೊಯಮತ್ತೂರು–ತಿರುಪ್ಪೂರು ಸೀಮೆ)

ಕಾರ್ಖಾನೆಯಿಂದ ಸಿದ್ಧವಾಗಿ ಬರದೆ, ಬಳಸುವವರೇ ಊರಿನ ಕುಶಲಕರ್ಮಿಗಳ ನೆರವಿನಿಂದ ಸೈಕಲ್ಲಿನ ಬಿಡಿಭಾಗ, ಕಬ್ಬಿಣದ ಕೊಳವೆ, ಬೇರಿಂಗುಗಳನ್ನು ಹೊಂದಿಸಿ ಕಟ್ಟಿಕೊಂಡ, ತುಳಿದು ಓಡಿಸುವ ವಾಹನ. ಸಾಮಾನು ಹೊರುವ ಮೂರು ಚಕ್ರದ ಗಾಡಿ, ಹಿಂದಕ್ಕೆ ಒರಗಿ ತುಳಿಯುವ ಟ್ರೈಸೈಕಲ್, ನಿಂತಲ್ಲೇ ತುಳಿದು ಸಾಣೆಕಲ್ಲು ತಿರುಗಿಸುವವರ ಸೈಕಲ್, ಕಾಲು ಸ್ವಾಧೀನವಿಲ್ಲದವರು ಕೈಯಿಂದ ತಿರುಗಿಸುವ ಗಾಡಿ ಇವೆಲ್ಲ ಈ ವರ್ಗದವು. ಪಶ್ಚಿಮ ತಮಿಳುನಾಡಿನ ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ಇಂಥ ವಾಹನಕ್ಕೆ ಒಬ್ಬ ಕರ್ತೃವನ್ನು ತೋರಿಸುವುದು ಕಷ್ಟ. ಚೌಕಟ್ಟನ್ನು ಒಬ್ಬರು ಬೆಸೆಯುತ್ತಾರೆ, ಆಕ್ಸಲನ್ನು ಇನ್ನೊಬ್ಬರು ಲೇತಿನಲ್ಲಿ ಕಡೆಯುತ್ತಾರೆ, ಕಡ್ಡಿ ಕಟ್ಟಿ ಚಕ್ರ ನೇರ ಮಾಡುವವರು ಮತ್ತೊಬ್ಬರು. ಬನಿಯನ್ ಬಟ್ಟೆ ಹತ್ತು ಮನೆ ದಾಟಿ ಸಿದ್ಧವಾಗುವ ಸೀಮೆಯಲ್ಲಿ ಗಾಡಿಯೂ ಹಾಗೆಯೇ ಸಿದ್ಧವಾಗುತ್ತದೆ.

ಹಿನ್ನೆಲೆ

ಈ ಸೀಮೆ ಕನ್ನಡಿಗರಿಗೆ ಹೊರಗಿನದಲ್ಲ. 1799ರವರೆಗೆ ಇದು ಮೈಸೂರು ರಾಜ್ಯದ ಭಾಗವಾಗಿತ್ತು. ಕೊಳ್ಳೇಗಾಲ ತಾಲ್ಲೂಕು 1956ರ ಭಾಷಾವಾರು ವಿಂಗಡಣೆಯವರೆಗೂ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಸಿರುಮುಗೈ, ನೆಗಮಂ, ಸೋಮನೂರು ಕಡೆಯ ದೇವಾಂಗ ನೇಕಾರರ ಮನೆಗಳಲ್ಲಿ ಇಂದಿಗೂ ಕನ್ನಡ ಕೇಳಿಸುತ್ತದೆ. ಯಜಮಾನರಿಂದ ನೂಲು ತಂದು, ಕೂಲಿಗೆ ನೇಯ್ದು, ಬಟ್ಟೆಯನ್ನು ಹಿಂದಿರುಗಿಸುವ ಈ ಮನೆತನಗಳಿಗೆ ಸೈಕಲ್ ಬಹುಕಾಲ ಸವಾರಿಗಿಂತ ಹೆಚ್ಚಾಗಿ ಸಾಗಾಣಿಕೆಯ ಸಾಧನವಾಗಿತ್ತು. ಕ್ಯಾರಿಯರಿನ ಮೇಲೆ ಮಗ್ಗದ ಬೀಮು, ಹ್ಯಾಂಡಲಿನ ಎರಡು ಬದಿಗೆ ನೂಲಿನ ಚೀಲ. ಎರಡು ಚಕ್ರಕ್ಕೆ ಭಾರ ಮೀರಿದಾಗ ಮೂರನೆಯದು ಸೇರಿತು.

ಬೇಕಾದ ಕೈಗಳು ಇಲ್ಲಿ ಮೊದಲೇ ಇದ್ದವು. 1926ರಲ್ಲಿ ಆರಂಭವಾದ ಪಿ.ಎಸ್.ಜಿ. ಧರ್ಮಸಂಸ್ಥೆ ಕೈಗಾರಿಕಾ ತರಬೇತಿಗೆ ನೆಲೆ ಒದಗಿಸಿತು. 1930ರ ದಶಕದಲ್ಲಿ ನೀಲಗಿರಿಯ ಪೈಕಾರಾ ಜಲವಿದ್ಯುತ್ ಬಂದ ಮೇಲೆ ಹತ್ತಿ ಗಿರಣಿಗಳ ಜೊತೆಗೆ ಎರಕದ ಮನೆಗಳೂ ಪಂಪು ತಯಾರಿಕೆಯೂ ಬೆಳೆದವು. ಕಲಂಗಲ್ ಗ್ರಾಮದ ಜಿ.ಡಿ. ನಾಯ್ಡು (1893–1974) 1920ರಲ್ಲಿ ಪೊಳ್ಳಾಚಿ–ಪಳನಿ ಮಾರ್ಗದಲ್ಲಿ ಒಂದು ಬಸ್ಸಿನಿಂದ ಶುರುಮಾಡಿದವರು. ಭಾರತದಲ್ಲಿ ತಯಾರಾದ ಮೊದಲ ವಿದ್ಯುತ್ ಮೋಟಾರು ಎಂದು ಹೇಳಲಾಗುವ 1937ರ ಮೋಟಾರಿನ ಜೊತೆ ಅವರ ಮತ್ತು ಡಿ. ಬಾಲಸುಂದರಂ ನಾಯ್ಡು ಅವರ ಹೆಸರು ಸೇರಿದೆ. ಮುಂದೆ ಎಸ್. ಕರಿವರ್ಧನ್ ಮಾರುತಿ 800ರ ಭಾಗಗಳಿಂದ ರೇಸ್ ಕಾರು ಕಟ್ಟಿದ್ದೂ ಕೊಯಮತ್ತೂರಿನಲ್ಲೇ. ಇರುವ ಯಂತ್ರದ ಭಾಗ ತೆಗೆದು ಬೇರೊಂದಕ್ಕೆ ಹೂಡುವುದು ಇಲ್ಲಿ ಸಾಹಸವಲ್ಲ, ದಿನದ ಕೆಲಸ. ಪ್ರಸಿದ್ಧರ ಹೆಸರು ಹೇಳಿದ್ದಾಯಿತು. ಪೆಡಲ್ ಗಾಡಿಯ ಮಟ್ಟಿಗೆ ನಿಜವಾದ ಬಂಡವಾಳ ಬೀದಿ ಬೀದಿಯ ಹೆಸರಿಲ್ಲದ ಲೇತುಗಳು.

ಬಿಡಿಭಾಗಗಳ ಪೂರೈಕೆಯೂ ಸಲೀಸು. 1949ರಲ್ಲಿ ಮದರಾಸಿನ ಅಂಬತ್ತೂರಿನಲ್ಲಿ ಟಿ.ಐ. ಸೈಕಲ್ಸ್ ಆರಂಭವಾದ ಮೇಲೆ ದಕ್ಷಿಣದಲ್ಲಿ ಸೈಕಲ್ಲು ಸುಲಭವಾಗಿ ಸಿಗತೊಡಗಿತು. ಲೂಧಿಯಾನದ ಬಿಡಿಭಾಗ ಪ್ರತಿ ತಾಲ್ಲೂಕಿನ ಅಂಗಡಿ ತಲುಪಿತು. 2001–02ರಲ್ಲಿ ತಮಿಳುನಾಡು ಸರ್ಕಾರ ಆರಂಭಿಸಿ ಆಮೇಲೆ ವಿಸ್ತರಿಸಿದ ವಿದ್ಯಾರ್ಥಿಗಳ ಉಚಿತ ಸೈಕಲ್ ಯೋಜನೆ (ಕರ್ನಾಟಕದಲ್ಲಿ ಎಂಟನೇ ತರಗತಿಯವರಿಗೆ 2006–07ರಲ್ಲಿ ಆರಂಭವಾಯಿತು) ಇನ್ನೊಂದು ಮೂಲ. ಓದು ಮುಗಿದ ಮೇಲೆ ಮನೆಯ ಮೂಲೆ ಹಿಡಿದ ಆ ಸೈಕಲ್ಲಿನ ಮುಂಭಾಗ ಗಾಡಿಯೊಂದರ ಮೂತಿಯಾಗುವುದು ಸಾಮಾನ್ಯ.

ಸೈಕಲ್ ರಿಕ್ಷಾ ಈ ಕಥೆಯ ಪಕ್ಕದ ಎಳೆ. ಮನುಷ್ಯ ಎಳೆಯುವ ಕೈರಿಕ್ಷಾವನ್ನು ತಮಿಳುನಾಡು 1973ರಲ್ಲಿ ರದ್ದುಮಾಡಿ ಸೈಕಲ್ ರಿಕ್ಷಾ ಕೊಟ್ಟಿತು. ಅದಕ್ಕೆ ಎರಡು ವರ್ಷ ಮೊದಲು ಬಂದ ‘ರಿಕ್ಷಾಕಾರನ್’ ಚಿತ್ರದಲ್ಲಿ ಎಂ.ಜಿ.ಆರ್. ಮೂರು ಚಕ್ರವನ್ನು ಓಡಿಸಿದ ವೇಗ ಮಾತ್ರ ಬೆಳ್ಳಿತೆರೆಯ ಮೇಲಷ್ಟೇ ಸಾಧ್ಯ. ಜನರನ್ನು ಹೊರುವ ರಿಕ್ಷಾ ಆಟೋಗೆ ಸೋತಿತು. ಸಾಮಾನು ಹೊರುವುದು ಉಳಿಯಿತು. 1980ರಲ್ಲಿ ಹೊಸೂರಿನಿಂದ ಟಿ.ವಿ.ಎಸ್. 50 ಮೊಪೆಡ್, 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಅದರ ಪಾಲೂ ಕುಗ್ಗಿತು. ಆದರೂ ಹೆಣಿಗೆ, ಬಣ್ಣ, ಕಾಂಪ್ಯಾಕ್ಟಿಂಗ್, ಕತ್ತರಿಕೆ, ಹೊಲಿಗೆ, ಇಸ್ತ್ರಿ ಒಂದೊಂದು ಒಂದೊಂದು ಕಟ್ಟಡದಲ್ಲಿ ನಡೆಯುವ ತಿರುಪ್ಪೂರಿನಲ್ಲಿ, ಎರಡು ಬೀದಿ ಆಚೆಗೆ ನಾಲ್ಕು ಮೂಟೆ ಒಯ್ಯಲು ತುಳಿಯುವ ಗಾಡಿ ಇನ್ನೂ ಲೆಕ್ಕಕ್ಕೆ ಕೂಡಿಬರುತ್ತದೆ. ಎಳನೀರು, ಚಹಾ, ದೋಸೆ ಹಿಟ್ಟು ಮಾರುವವರಿಗಂತೂ ಅದೇ ಅಂಗಡಿ.

ನೆಲ ಮತ್ತು ಗಾಳಿ

ಇಲ್ಲಿ ಗಾಡಿ ಕಟ್ಟುವವರು ಮೊದಲು ಅರಿಯಬೇಕಾದದ್ದು ರಸ್ತೆಯನ್ನಲ್ಲ, ಗಾಳಿಯನ್ನು. ಕೊಯಮತ್ತೂರು ಸಮುದ್ರಮಟ್ಟದಿಂದ ಸುಮಾರು 411 ಮೀಟರ್ ಎತ್ತರದಲ್ಲಿದೆ, ಪೂರ್ವಕ್ಕೆ 50 ಕಿ.ಮೀ. ದೂರದ ತಿರುಪ್ಪೂರು ಸುಮಾರು 300 ಮೀಟರ್. ಅಂದರೆ ಸಾವಿರ ಮೀಟರಿಗೆ ಎರಡು ಮೀಟರಿನಷ್ಟು ಇಳಿಜಾರು. ಕಾಲಿಗೆ ಗೊತ್ತಾಗುವುದೂ ಕಷ್ಟ. ಆದರೆ ಪಶ್ಚಿಮ ಘಟ್ಟದ ಪಾಲಕ್ಕಾಡು ಕಣಿವೆಬಾಯಿ ನೇರವಾಗಿ ಈ ಬಯಲಿಗೇ ತೆರೆದುಕೊಂಡಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮಾರುತ ಆ ಬಾಯಿಯಿಂದ ನುಗ್ಗುತ್ತದೆ. ಪಲ್ಲಡಂ, ಉಡುಮಲೈಪೇಟೆಯ ಬಯಲಲ್ಲಿ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿರುವುದಕ್ಕೆ ಅದೇ ಕಾರಣ.

ಲೆಕ್ಕ ಹಾಕಿದರೆ ವಿಷಯ ಸ್ಪಷ್ಟವಾಗುತ್ತದೆ. ದಿನವೂ ತುಳಿಯುವ ಆರೋಗ್ಯವಂತ ವ್ಯಕ್ತಿ ಬಹಳ ಹೊತ್ತು ಕೊಡಬಲ್ಲ ಶಕ್ತಿ 75ರಿಂದ 100 ವಾಟ್. ಸವಾರ, ಗಾಡಿ, ಹೊರೆ ಸೇರಿ 200 ಕೆ.ಜಿ. ಎಂದಿಟ್ಟುಕೊಳ್ಳೋಣ. ಗಾಳಿ ಇಲ್ಲದ ಸಮತಟ್ಟು ಡಾಂಬರಿನಲ್ಲಿ 100 ವಾಟ್‌ಗೆ ಗಂಟೆಗೆ ಸುಮಾರು 14 ಕಿ.ಮೀ. ಸಿಗುತ್ತದೆ. ಎದುರಿನಿಂದ 20 ಕಿ.ಮೀ. ವೇಗದ ಗಾಳಿ ಬೀಸಿದರೆ ಅದೇ ಶ್ರಮಕ್ಕೆ 8 ಕಿ.ಮೀ. ನೂರಕ್ಕೆ ನಾಲ್ಕರ ಏರು, ಅಂದರೆ ಮೇಲ್ಸೇತುವೆಯೊಂದರ ಇಳಿಜಾರು, ಎದುರಾದರೆ ಗಂಟೆಗೆ ನಾಲ್ಕು ಕಿ.ಮೀ. ಕೂಡ ಇಲ್ಲ, ಇಳಿದು ನೂಕುವುದೇ ವಾಸಿ. 2025ರಲ್ಲಿ ಅವಿನಾಶಿ ರಸ್ತೆಯ ಮೇಲೆ ತೆರೆದ, ಜಿ.ಡಿ. ನಾಯ್ಡು ಹೆಸರಿನ 10 ಕಿ.ಮೀ. ಉದ್ದದ ಮೇಲ್ಸೇತುವೆ ಪೆಡಲ್ ಗಾಡಿಗಳಿಗೆ ಉಪಯೋಗಕ್ಕಿಲ್ಲ. ಅವುಗಳ ದಾರಿ ಎಂದಿನಂತೆ ಕೆಳಗಡೆ.

ಆದ್ದರಿಂದ ಆಷಾಢದಲ್ಲಿ ಬೆಳಿಗ್ಗೆ ಪೂರ್ವಕ್ಕೆ ಹಗುರಾಗಿ ಹೋದವರು ಸಂಜೆ ಪಶ್ಚಿಮಕ್ಕೆ ಮರಳುವಾಗ ಬೇರೆಯೇ ಗಾಡಿ ತುಳಿದಂತೆ ಬಳಲುತ್ತಾರೆ. ಹಲಗೆಯ ಎತ್ತರದ ಪೆಟ್ಟಿಗೆ, ಅಗಲವಾದ ಛಾವಣಿ ಮುಂತಾದ ಅಲಂಕಾರಗಳಿಗೆಲ್ಲ ಈ ನಾಲ್ಕು ತಿಂಗಳಲ್ಲಿ ಬೆಲೆ ತೆರಬೇಕು.

ರೂಪಗಳು

ಮೂರು ಚಕ್ರವನ್ನು ಎರಡು ಬಗೆಯಲ್ಲಿ ಇಡಬಹುದು. ಮುಂದೆ ಒಂದು, ಹಿಂದೆ ಎರಡು ಇರುವುದು ರಿಕ್ಷಾ ಬಗೆ. ಸೈಕಲ್ಲಿನ ಮುಂಭಾಗ ಹಾಗೇ ಸಿಗುವುದರಿಂದ ಕಟ್ಟುವುದು ಅಗ್ಗ. ಮುಂದೆ ಎರಡು, ಹಿಂದೆ ಒಂದು ಇಟ್ಟರೆ ತಿರುವಿನಲ್ಲಿ ಭದ್ರ, ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ. ಆದರೆ ಎರಡು ಚಕ್ರವನ್ನೂ ಹೊಂದಿಕೆಯಿಂದ ತಿರುಗಿಸುವ ಸ್ಟೇರಿಂಗ್ ಜೋಡಣೆಗೆ ನುರಿತ ಕೈ ಬೇಕು.

ಹಿಂದಕ್ಕೆ ಒರಗಿ, ಕಾಲು ಮುಂದೆ ಚಾಚಿ ತುಳಿಯುವ ವಿನ್ಯಾಸ ಯುರೋಪಿನದು. ಫ್ರಾನ್ಸಿನ ಷಾರ್ಲ್ ಮೊಷೆ 1920–30ರ ದಶಕದಲ್ಲಿ ಪೆಡಲಿನಿಂದ ಓಡುವ ನಾಲ್ಕು ಚಕ್ರದ ‘ವೆಲೊಕಾರ್’ ಮಾಡಿದರು. ಅದರಿಂದ ಹುಟ್ಟಿದ ಎರಡು ಚಕ್ರದ ಒರಗು ಸೈಕಲ್ಲಿನಲ್ಲಿ ಫ್ರಾನ್ಸಿಸ್ ಫೋರ್ 1933ರಲ್ಲಿ ಒಂದು ಗಂಟೆಯಲ್ಲಿ 45 ಕಿ.ಮೀ. ಮೀರಿ ಸಾಗಿ ದಾಖಲೆ ಮಾಡಿದ. ಮರುವರ್ಷವೇ ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟ ಆ ರೂಪವನ್ನು ಸ್ಪರ್ಧೆಯಿಂದ ಹೊರಗಿಟ್ಟಿತು. ಜರ್ಮನಿಯ ಫ್ರಿಟ್ಜ್ ಫೆಂಡ್ ಯುದ್ಧದಲ್ಲಿ ಅಂಗಹೀನರಾದವರಿಗೆಂದು 1948ರ ಸುಮಾರಿಗೆ ಕಟ್ಟಿದ ಮಾನವಶಕ್ತಿಯ ಗಾಡಿ ಕ್ರಮೇಣ ಎಂಜಿನ್ ಪಡೆದು 1953ರ ಮೆಸರ್‌ಷ್ಮಿಟ್ ಪುಟ್ಟ ಕಾರಾಯಿತು. ಮೈಯೆಲ್ಲ ಮುಚ್ಚಿದ ‘ವೆಲೊಮೊಬೈಲ್’ ಈಚೆಗೆ ಬೆಂಗಳೂರಿನ ರಸ್ತೆಯಲ್ಲೂ ಕಂಡು ಸುದ್ದಿಯಾದದ್ದುಂಟು. ಅದು ವಿದೇಶದಿಂದ ತರಿಸಿದ್ದು, ಬೆಲೆ ಕಾರಿನದು. ಈ ಸೀಮೆಯ ಎದುರು ಗಾಳಿಗೆ ಒರಗುವ ರೂಪ ಒಳ್ಳೆಯ ಉತ್ತರವೇ, ಆದರೆ ಮೈಮುಚ್ಚುವ ಕವಚ ಇಲ್ಲಿನ ಬಿಸಿಲಿಗೆ ತಕ್ಕದ್ದಲ್ಲ. ಲಾರಿ ಚಾಲಕನ ಕಣ್ಣಿಗೆ ಬೀಳದಷ್ಟು ತಗ್ಗಿದ ಗಾಡಿಗೆ ಎತ್ತರದ ಕೋಲು, ಅದಕ್ಕೊಂದು ಕೆಂಪು ಬಾವುಟ ಕಟ್ಟುವುದು ಅಲಂಕಾರವಲ್ಲ, ಅಗತ್ಯ.

ಕಟ್ಟುವ ಕೆಲಸ

ಚೌಕಟ್ಟಿಗೆ ಬಳಸುವುದು ಸಾಮಾನ್ಯ ಎಂ.ಎಸ್. (ಮೃದು ಉಕ್ಕು) ಕೊಳವೆ. ಒಂದು ಇಂಚು ಹೊರವ್ಯಾಸ, 16 ಗೇಜು ದಪ್ಪದ್ದಾದರೆ ಮೀಟರಿಗೆ ಸುಮಾರು 940 ಗ್ರಾಂ. ಹನ್ನೆರಡು ಮೀಟರ್ ಕೊಳವೆಯಲ್ಲಿ ಒಬ್ಬರು ಕೂತು ಅರ್ಧ ಕ್ವಿಂಟಲ್ ಹೊರುವ ಗಾಡಿಯ ಅಸ್ಥಿಪಂಜರ ಮುಗಿಯುತ್ತದೆ, ಹನ್ನೊಂದು ಕೆ.ಜಿ. ಮೊದಲ ಸಲ ಕಟ್ಟುವವರು ಭಯಕ್ಕೆ ಕೋನಪಟ್ಟಿ, ಚೌಕ ಕೊಳವೆ ಸೇರಿಸುತ್ತ ಹೋಗುತ್ತಾರೆ. ಗಾಡಿಯೇ ಒಂದು ಹೊರೆಯಾಗುತ್ತದೆ.

ಹಳೆಯ ಸೈಕಲ್ಲಿನ ಮುಂಭಾಗಕ್ಕೆ ಹೊಸ ಕೊಳವೆ ಹೂಡುವಲ್ಲಿ ಒಂದು ಸೂಕ್ಷ್ಮವಿದೆ. ಹಳೆಯ ಕರಿ ಸೈಕಲ್ಲುಗಳ ಚೌಕಟ್ಟನ್ನು ಆರ್ಕ್ ಬೆಸುಗೆಯಿಂದ ಕೂಡಿಸಿರುವುದಿಲ್ಲ. ಲಗ್ಗು ಎಂಬ ತೋಳಿನೊಳಗೆ ಕೊಳವೆ ತೂರಿಸಿ ಹಿತ್ತಾಳೆ ಕರಗಿಸಿ ಬೆಸೆದಿರುತ್ತದೆ. ಆ ಕೀಲಿನ ಮೇಲೆಯೇ ಆರ್ಕ್ ಹೊಡೆದರೆ ಕರಗಿದ ಹಿತ್ತಾಳೆ ಉಕ್ಕಿನ ಒಳಕ್ಕೆ ಇಳಿದು ಬೆಸುಗೆ ಬಿರುಕು ಬಿಡುತ್ತದೆ. ಹೊರಗಿನಿಂದ ಗಟ್ಟಿಯಾಗಿ ಕಂಡದ್ದು ಕೆಲವು ತಿಂಗಳ ಕುಲುಕಾಟಕ್ಕೆ ಬಾಯಿ ಬಿಡುತ್ತದೆ. ಬಲ್ಲವರು ಲಗ್ಗಿನಿಂದ ದೂರದಲ್ಲಿ ಕೊಳವೆ ಕತ್ತರಿಸುತ್ತಾರೆ. ಇಲ್ಲವೇ ಗ್ಯಾಸ್ ಬೆಸುಗೆಯಲ್ಲಿ ಹಿತ್ತಾಳೆಯಿಂದಲೇ ಕೂಡಿಸುತ್ತಾರೆ.

ಎರಡನೆಯ ಸೂಕ್ಷ್ಮ ಆಕ್ಸಲಿನದು. ಸೈಕಲ್ಲಿನಲ್ಲಿ ಚಕ್ರದ ಎರಡು ಬದಿಗೂ ಆಸರೆ ಇರುವುದರಿಂದ ಹಿಂದಿನ ಆಕ್ಸಲ್ 3/8 ಇಂಚು, ಮುಂದಿನದು 5/16 ಇಂಚು ದಪ್ಪವಿದ್ದರೆ ಸಾಕು. ಒಂದೇ ಬದಿಯಲ್ಲಿ ಹಿಡಿದಾಗ ಅದೇ ಆಕ್ಸಲ್ ಬಾಗುತ್ತದೆ. ಹಿಂದಿನ ಎರಡು ಚಕ್ರಕ್ಕೆ 20 ಮಿ.ಮೀ. ದಪ್ಪದ ಇ.ಎನ್. 8 ಉಕ್ಕಿನ ಸಲಾಕೆ ಹಾಕಿ, ಎರಡು ಕಡೆ ಪಿಲ್ಲೋ ಬ್ಲಾಕ್ ಬೇರಿಂಗಿನಲ್ಲಿ ಕೂರಿಸುವುದು ರೂಢಿ. ಲೇತಿನಲ್ಲಿ ತುದಿ ಸಣ್ಣದು ಮಾಡುವಾಗ ಮೆಟ್ಟಿಲಿನ ಮೂಲೆ ಚೂಪಾಗಿ ಉಳಿದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಮೂಲೆಯನ್ನು ಸ್ವಲ್ಪ ದುಂಡಗೆ ಬಿಡಲು ಮೊದಲೇ ಹೇಳಬೇಕು. ಎರಡೂ ಚಕ್ರವನ್ನು ಸಲಾಕೆಗೆ ಬಿಗಿದರೆ ತಿರುವಿನಲ್ಲಿ ಒಂದು ಟೈರು ರಸ್ತೆಗೆ ಉಜ್ಜುತ್ತದೆ. ಅದಕ್ಕೇ ಒಂದನ್ನು ಬಿಗಿದು ಇನ್ನೊಂದನ್ನು ಸಡಿಲ ಬಿಡುವುದು ಹಳೆಯ ಉಪಾಯ. ಎರಡು ಬದಿಗೂ ಒಂದೊಂದು ಫ್ರೀವೀಲ್ ಇಟ್ಟು, ವೇಗವಾಗಿ ಸುತ್ತುವ ಹೊರಚಕ್ರ ತಾನಾಗಿ ಕಳಚಿಕೊಳ್ಳುವಂತೆ ಮಾಡುವುದು ಅದಕ್ಕಿಂತ ಜಾಣ.

ಚಕ್ರಗಳ ವಿಷಯದಲ್ಲಿ ಅಭಿಮಾನ ಕೆಲಸಕ್ಕೆ ಬಾರದು. 28 ಇಂಚಿನ ಕರಿ ಸೈಕಲ್ಲಿನ ಚಕ್ರ, ಮುಂದೆ 32 ಹಿಂದೆ 40 ಕಡ್ಡಿಗಳದ್ದು, ನೇರ ಭಾರಕ್ಕೆ ಬಹಳ ಗಟ್ಟಿ. ಸೈಕಲ್ಲು ತಿರುವಿನಲ್ಲಿ ವಾಲುವುದರಿಂದ ಅದಕ್ಕೆ ಅಡ್ಡಭಾರ ಬೀಳುವುದೇ ಇಲ್ಲ. ಮೂರು ಚಕ್ರದ ಗಾಡಿ ವಾಲುವುದಿಲ್ಲ. ಹೊರೆ ಹೊತ್ತು ಒಮ್ಮೆ ಜೋರಾಗಿ ತಿರುಗಿಸಿದರೆ ರಿಮ್ಮು ಹಪ್ಪಳದಂತೆ ಸೊಟ್ಟಗಾಗುತ್ತದೆ. 20 ಇಂಚಿನ ಚಕ್ರದ ಕಡ್ಡಿ ಗಿಡ್ಡ, ಅಡ್ಡಭಾರಕ್ಕೆ ಹೆಚ್ಚು ತಡೆಯುತ್ತದೆ, ಗಾಡಿಯೂ ತಗ್ಗುತ್ತದೆ. ತಗ್ಗುವುದರ ಲಾಭ ಸಣ್ಣದಲ್ಲ. 80 ಸೆಂ.ಮೀ. ಅಗಲದ ರಿಕ್ಷಾ ಬಗೆಯ ಗಾಡಿಯ ಭಾರಕೇಂದ್ರ ನೆಲದಿಂದ 80 ಸೆಂ.ಮೀ. ಎತ್ತರದಲ್ಲಿ, ಹಿಂದಿನ ಆಕ್ಸಲಿನ ಕಡೆಗೆ ಮೂರರಲ್ಲಿ ಎರಡು ಪಾಲು ಸರಿದಿದ್ದರೆ, ಐದು ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 14–15 ಕಿ.ಮೀ.ಗೇ ಮಗುಚಬಹುದು, ಎತ್ತರ 50 ಸೆಂ.ಮೀ.ಗೆ ಇಳಿದರೆ ಆ ಮಿತಿ 18 ದಾಟುತ್ತದೆ. ಹಳೆಯ ಮೊಪೆಡ್ಡಿನ 16 ಇಂಚಿನ ಚಕ್ರ ಹಾಕುವವರೂ ಇದ್ದಾರೆ. ಅದು ಮುರಿಯುವುದಿಲ್ಲ ನಿಜ, ಉರುಳುವುದೂ ಭಾರ.

ಸುಧಾರಣೆ

ಗಾಡಿ ಓಡತೊಡಗಿದ ಮರುದಿನವೇ ಸುಧಾರಣೆ ಶುರುವಾಗುತ್ತದೆ, ಮತ್ತು ಹೆಚ್ಚಿನವರು ತಪ್ಪು ತುದಿಯಿಂದ ಶುರುಮಾಡುತ್ತಾರೆ. ಬಣ್ಣ, ಛಾವಣಿ, ಮೋಟಾರು ಮೊದಲು ಬರುತ್ತವೆ, ಬ್ರೇಕು ಕೊನೆಗೆ.

ಸಾಂಪ್ರದಾಯಿಕ ರಿಕ್ಷಾದ ದೊಡ್ಡ ದೋಷ, ಬ್ರೇಕು ಮುಂದಿನ ಒಂದೇ ಚಕ್ರಕ್ಕೆ ಇರುವುದು. ಉಕ್ಕಿನ ರಿಮ್ಮಿಗೆ ರಬ್ಬರು ಒತ್ತುವ ರಾಡ್ ಬ್ರೇಕ್ ಮಳೆಯಲ್ಲಿ ಬಹುಪಾಲು ಜಾರುತ್ತದೆ. ಹಿಂದಿನ ಆಕ್ಸಲಿಗೆ ಡ್ರಮ್ ಅಥವಾ ಡಿಸ್ಕ್ ಬ್ರೇಕ್ ಕೂರಿಸಿದರೆ ಅರ್ಧ ಸಮಸ್ಯೆ ತೀರಿತು. ಇಳಿಜಾರಿನಲ್ಲಿ ನಿಲ್ಲಿಸಿ ಅಂಗಡಿಗೆ ಹೋಗುವಾಗ ಬ್ರೇಕಿನ ಹಿಡಿಕೆಯನ್ನು ಬಿಗಿದಿಡಲು ಒಂದು ಕೊಕ್ಕೆಯೂ ಬೇಕು. ಮೂರು ಚಕ್ರದ್ದಕ್ಕೆ ಸ್ಟ್ಯಾಂಡು ಬೇಡವೆಂದು ಸಂತೋಷಪಡುವವರು ಅದು ತಾನಾಗಿ ಹೊರಟುಬಿಡುವುದನ್ನು ಮರೆಯುತ್ತಾರೆ.

ಗೇರು ಆಮೇಲಿನದು, ಮಂಡಿಗೆ ಸಂಬಂಧಿಸಿದ್ದು. ಮುಂದೆ 48 ಹಲ್ಲು, ಹಿಂದೆ 18 ಹಲ್ಲು, 28 ಇಂಚಿನ ಚಕ್ರ ಇದ್ದರೆ ಪೆಡಲಿನ ಒಂದು ಸುತ್ತಿಗೆ ಗಾಡಿ ಸುಮಾರು ಆರು ಮೀಟರ್ ಹೋಗುತ್ತದೆ. ಖಾಲಿ ಸೈಕಲ್ಲಿಗೆ ಅದು ಸರಿ. ಎದುರು ಗಾಳಿಯಲ್ಲಿ ಎಂಟು ಕಿ.ಮೀ. ವೇಗದಲ್ಲಿ ಹೋಗುವಾಗ ನಿಮಿಷಕ್ಕೆ 22 ಸುತ್ತು ಮಾತ್ರ; ಪ್ರತಿ ತುಳಿತಕ್ಕೂ ಎದ್ದು ನಿಲ್ಲಬೇಕು. 20 ಇಂಚಿನ ಚಕ್ರಕ್ಕೆ ಮುಂದೆ 36, ಹಿಂದೆ 24 ಹಲ್ಲು ಕೊಟ್ಟರೆ ಅದೇ ವೇಗಕ್ಕೆ ನಿಮಿಷಕ್ಕೆ ಸುಮಾರು 58 ಸುತ್ತು, ಕಾಲಿಗೆ ಹಿತ. ಹೊಸ ಗೇರ್ ಸೈಕಲ್ಲಿನ ಆರೇಳು ಹಲ್ಲುಗಾಲಿಯ ಗುಚ್ಛವನ್ನು ನಡುವಿನ ಒಂದು ಸಲಾಕೆಗೆ ಹಾಕಿ, ಪೆಡಲಿನಿಂದ ಅಲ್ಲಿಗೊಂದು ಚೈನು, ಅಲ್ಲಿಂದ ಆಕ್ಸಲಿಗೆ ಇನ್ನೊಂದು ಚೈನು ಎಳೆದರೆ ಏರಿಗೂ ಇಳಿಜಾರಿಗೂ ಆಯ್ಕೆ ಸಿಗುತ್ತದೆ. ಆದರೆ ಕರಿ ಸೈಕಲ್ಲಿನ 1/8 ಇಂಚಿನ ಅಗಲ ಚೈನು ಗೇರಿನ ಗುಚ್ಛಕ್ಕೆ ಕೂರುವುದಿಲ್ಲ. 3/32 ಇಂಚಿನದೇ ಬೇಕು.

ಇದನ್ನೆಲ್ಲ ದೇಶದಲ್ಲಿ ವ್ಯವಸ್ಥಿತವಾಗಿ ಮಾಡಿ ನೋಡಿದವರಲ್ಲಿ ಮಹಾರಾಷ್ಟ್ರದ ಫಲ್ಟಣದ ನಿಂಬ್ಕರ್ ಕೃಷಿ ಸಂಶೋಧನಾ ಸಂಸ್ಥೆಯ ಅನಿಲ್ ರಾಜವಂಶಿ ಮುಖ್ಯರು. ಗೇರು, ಹಿಂದಿನ ಬ್ರೇಕು, ಗಾಳಿಯ ತಡೆ ಕಡಿಮೆ ಮಾಡುವ ಮೈಕಟ್ಟು ಇರುವ ಸುಧಾರಿತ ರಿಕ್ಷಾ ಮೊದಲು. ಮೋಟಾರು ನೆರವಿನದು, ಪೂರ್ತಿ ವಿದ್ಯುತ್ತಿನದು ಅದರ ಜೊತೆಗೆ. 2008ರ ಅಕ್ಟೋಬರಿನಲ್ಲಿ ದುರ್ಗಾಪುರದ ಕೇಂದ್ರೀಯ ಯಾಂತ್ರಿಕ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ದೆಹಲಿಯಲ್ಲಿ ‘ಸೊಲೆಕ್‌ಶಾ’ ಎಂಬ ಸೌರ ರಿಕ್ಷಾವನ್ನು ಬಿಡುಗಡೆ ಮಾಡಿತು. ಪ್ರಚಾರ ದೊಡ್ಡದಾಗಿತ್ತು, ಬೀದಿಯಲ್ಲಿ ಕಂಡದ್ದು ಕಡಿಮೆ.

ಮೋಟಾರು, ಕಾನೂನು

ಕಾಲಿನಿಂದ ಮಾತ್ರ ಓಡುವ ಗಾಡಿ ಮೋಟಾರು ವಾಹನವಲ್ಲ. ನೋಂದಣಿ, ಲೈಸೆನ್ಸು ಬೇಡ. ಹಿಂದೆ ಪುರಸಭೆಗಳು ಸೈಕಲ್ಲಿಗೆ ತೆರಿಗೆ ಹಾಕಿ ಬಿಲ್ಲೆ ಕೊಡುತ್ತಿದ್ದ, ದೀಪವಿಲ್ಲದ ಸೈಕಲ್ಲಿನ ಗಾಳಿಯನ್ನು ಪೊಲೀಸರು ಬಿಡುತ್ತಿದ್ದ ಕಾಲ ಹಿರಿಯರ ನೆನಪಿನಲ್ಲಿದೆ.

ಬ್ಯಾಟರಿ ಸೇರಿಸಿದ ಕೂಡಲೇ ಲೆಕ್ಕ ಬದಲಾಗುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೋಟಾರಿನ 30 ನಿಮಿಷದ ಶಕ್ತಿ 250 ವಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ಗಾಡಿಯ ತೂಕ 60 ಕೆ.ಜಿ. ಮೀರದಿದ್ದರೆ ಅದನ್ನು ಮೋಟಾರು ವಾಹನವೆಂದು ಪರಿಗಣಿಸುವುದಿಲ್ಲ. ತಕ್ಕ ಬ್ರೇಕು ಮತ್ತು ಬೆಳಕು ಹಿಂಬೀರುವ ಪ್ರತಿಫಲಕಗಳಂತೂ ಕಡ್ಡಾಯ. ತುಳಿತಕ್ಕೆ ನೆರವಾಗುವ ಮೋಟಾರಾದರೆ, ವೇಗ ಏರಿದಂತೆ ಶಕ್ತಿ ಇಳಿಯುತ್ತ 25 ಕಿ.ಮೀ.ಗೆ, ಅಥವಾ ಸವಾರ ತುಳಿಯುವುದನ್ನು ನಿಲ್ಲಿಸಿದೊಡನೆ, ಕಡಿದುಹೋಗಬೇಕು. ಮೊಪೆಡ್ಡಿನ ಎಂಜಿನನ್ನೇ ಮೂರು ಚಕ್ರಕ್ಕೆ ಹೂಡಿ ಓಡಿಸುವುದು ಚೆನ್ನೈಯ ‘ಮೀನ್‌ಪಾಡಿ’ ಗಾಡಿಗಳಿಂದ ಹರಡಿದ ಚಟ. ಅದಕ್ಕೆ ನೋಂದಣಿಯೂ ಸಿಗದು, ವಿಮೆಯೂ ಸಿಗದು.

ವಿದ್ಯುತ್ ನೆರವಿಗೆ ಕೊಯಮತ್ತೂರಿನಲ್ಲೇ ದಾರಿ ತೋರಿದವರಿದ್ದಾರೆ. ಹೇಮಲತಾ ಅಣ್ಣಾಮಲೈ 2008ರಲ್ಲಿ ಆರಂಭಿಸಿದ ಆಂಪಿಯರ್ ಕಂಪನಿ ವಿದ್ಯುತ್ ಸೈಕಲ್, ಸಣ್ಣ ಸಾಗಾಣಿಕೆ ವಾಹನಗಳಿಂದಲೇ ಹೆಜ್ಜೆ ಇಟ್ಟಿತು. 2018ರಲ್ಲಿ ಅದರ ಹೆಚ್ಚಿನ ಪಾಲನ್ನು ಗ್ರೀವ್ಸ್ ಕಾಟನ್ ಕೊಂಡಿತು. ಈಗ 250 ವಾಟಿನ ಹಬ್ ಮೋಟಾರು, ಕಂಟ್ರೋಲರ್, ಬ್ಯಾಟರಿಯ ಕಿಟ್ಟು ಸುಲಭವಾಗಿ ಸಿಗುತ್ತದೆ. 48 ವೋಲ್ಟ್, 12 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಅಡಗಿರುವುದು 576 ವಾಟ್-ಅವರ್. ಹೊರೆ ಹೊತ್ತ ಗಾಡಿ ಕಿ.ಮೀ.ಗೆ 20 ಬಳಸಿದರೂ 25 ಕಿ.ಮೀ. ಮೀರಿ ಹೋಗಬಹುದು, ಎದುರು ಗಾಳಿಯಲ್ಲಿ ಅದಕ್ಕಿಂತ ಕಡಿಮೆ. ಮೋಟಾರನ್ನು ಮುಂದಿನ ಹಗುರ ಫೋರ್ಕಿಗೆ ಹಾಕಿದಾಗ ಆಕ್ಸಲ್ ತಿರುಗಿ ಫೋರ್ಕಿನ ಬಾಯಿ ಹರಿಯದಂತೆ ಒಂದು ದಪ್ಪ ಉಕ್ಕಿನ ಪಟ್ಟಿಯನ್ನು ಬೋಲ್ಟಿನಿಂದ ಬಿಗಿಯಬೇಕು.

ಮೋಟಾರು ಬಂದ ಗಾಡಿಯಲ್ಲಿ ಪೆಡಲು ಕ್ರಮೇಣ ಕಾಲಿಡುವ ಜಾಗವಾಗುತ್ತದೆ. ಚೈನಿಗೆ ಎಣ್ಣೆ ಹಾಕುವುದು ನಿಲ್ಲುತ್ತದೆ, ಫ್ರೀವೀಲಿನ ಗುಂಡುಗಳು ತುಕ್ಕು ಹಿಡಿಯುತ್ತವೆ, ನಡುವಿನ ಸಲಾಕೆಯನ್ನೇ ಕಿತ್ತು ಜಾಗ ಉಳಿಸಿದೆವೆನ್ನುವವರೂ ಇದ್ದಾರೆ. ಪಲ್ಲಡಂ ರಸ್ತೆಯ ನಡುವೆ ಬ್ಯಾಟರಿ ಬರಿದಾದಾಗ ತಗ್ಗಿನ ಗೇರು ಉಳಿಸಿಕೊಂಡವರು ತುಳಿದು ಮನೆ ಸೇರುತ್ತಾರೆ, ಉಳಿದವರು ನೂಕಬೇಕು. ಕೈಯಿಂದ ತಿರುಗಿಸುವ ಗಾಡಿಗಳಲ್ಲಿ ನೂಕುವ ಮಾತೇ ಇಲ್ಲದ್ದರಿಂದ ಅವುಗಳ ಸವಾರರು ಮೋಟಾರು ಕೂರಿಸಿದ ಮೇಲೂ ಕೈಹಿಡಿಕೆ ಮತ್ತು ಚೈನನ್ನು ತೆಗೆಸಬಾರದು.